ಹಿತ್ತಲಿನ ಕುಂಬಳದ ಬೀಜ



ಮನೆಯಲ್ಲಿಯ ಬಂಗಾರವನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದರೆ ಅದು ಮೊಮ್ಮಕ್ಕಳ ಕಾಲಕ್ಕೂ ಇದ್ದಂತೆಯೇ ಇರುವದು. ಹಿತ್ತಲಿನ ಬೀಜದ ಗುಣವು ಬೇರೆ. ಅದನ್ನು ಕೀಲಿ ಹಾಕಿ ಇಟ್ಟರೆ ಕೆಲವೇ ವರುಷಗಳಲ್ಲಿ ಸತ್ತುಹೋಗುವದು. ಮಣ್ಣಿಗೆ ಹಾಕಿದರೆ ಬದುಕುವದು. ನೆರೆಯವರಿಗೆ ಕೊಟ್ಟರೆ ಇನ್ನೂ ಹೆಚ್ಚು ಕಾಲ ಬಾಳುವದು. ಕಲಘಟಗಿಯ ನಮ್ಮ ಮನೆಯ ಹಿಂದಿನ ಒಂದು ಕುಂಬಳದ ಬಳ್ಳಿಯು ಈ ಪಾಠವನ್ನು ನಮಗೆ ಕಲಿಸಿತು. ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳಿಸಬೇಕೆಂಬ ಕರೆಯು ಬಂದಾಗ, ನಮಗೆ ತಿಳಿದುದರಲ್ಲಿ ಇದಕ್ಕಿಂತ ಉಪಯುಕ್ತವಾದುದು ಬೇರೊಂದು ತೋಚಲಿಲ್ಲ.

ನಾವೆಂದರೆ ಇಬ್ಬರು ನೆಗೆಣ್ಣಿಯರು. ಒಂದೇ ಶಾಲೆಯಲ್ಲಿ ಎರಡು ವರುಷಗಳ ಅಂತರದಿಂದ ಕಲಿತು, ದೈವಯೋಗದಿಂದ ಒಂದೇ ಮನೆಗೆ ಸೊಸೆಯಂದಿರಾಗಿ ಬಂದವರು. ಒಬ್ಬಳು ಗುಣಿ ತೋಡಿದರೆ ಇನ್ನೊಬ್ಬಳು ಬೀಜ ಹಾಕುವದು ನಮ್ಮ ರೂಢಿ; ಆದುದರಿಂದ ಈ ಬರಹವನ್ನೂ ಜೊತೆಯಾಗಿಯೇ ಬರೆದಿರುವೆವು.

ನಮ್ಮ ಊರನ್ನು ನೋಡದವರಿಗಾಗಿ ಒಂದೆರಡು ಮಾತು ಹೇಳಬೇಕು. ಹುಬ್ಬಳ್ಳಿಯಿಂದ ಯಲ್ಲಾಪುರದ ಕಡೆಗೆ ಹೋಗುವ ಹಾದಿಯಲ್ಲಿ ಕಲಘಟಗಿಯಿದೆ. ಬಣ್ಣದ ತೊಟ್ಟಿಲುಗಳಿಂದ ಅದರ ಹೆಸರು ದೂರದವರೆಗೆ ಗೊತ್ತು. ಮೂಡಲಿಗೆ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿ. ಪಡುವಲಿಗೆ ಮಲೆನಾಡಿನ ಅಡವಿ. ನಡುವೆ ನಮ್ಮ ತಾಲೂಕು ಮಲೆನಾಡಿನ ಸೆರಗು ಹಿಡಿದು ನಿಂತಿದೆ. ಬೆಳವಲದವರಿಗಿಂತ ನಮಗೆ ಮಳೆ ಹೆಚ್ಚು. ಆದುದರಿಂದ ಬಳ್ಳಿಯ ಕಾಯಿಪಲ್ಯಗಳಿಗೆ ನಮ್ಮ ಹಿತ್ತಲುಗಳು ಒಗ್ಗಿದ ಜಾಗ. ಬೇಲಿಯ ಮೇಲೆ ಹೀರೆ, ಚಪ್ಪರದ ಮೇಲೆ ಪಡವಲ ಮತ್ತು ಸೋರೆ, ಹಂಚಿನ ಮಾಡಿನ ಮೇಲೆ ಕುಂಬಳ ಹಬ್ಬಿರದ ಮನೆಯು ಹಿಂದಿನ ಕಾಲದಲ್ಲಿ ವಿರಳವಾಗಿತ್ತು.

ನಮ್ಮ ಮನೆಯ ಕುಂಬಳವು ನಮ್ಮ ಅತ್ತೆಯವರೊಂದಿಗೆ ಬಂದುದು. ಅವರು 1962ರಲ್ಲಿ ಹಳಿಯಾಳದ ಕಡೆಯ ಒಂದು ಹಳ್ಳಿಯಿಂದ ಮದುವೆಯಾಗಿ ಬಂದಾಗ, ಅವರ ತಾಯಿಯು ಸೀರೆಗಳ ಮಡಿಕೆಯಲ್ಲಿ ಒಂದು ಹಿಡಿ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದರಂತೆ. ಹೋದ ಮನೆಯಲ್ಲಿ ಮಗಳಿಗೆ ಬೇರೇನು ಸಿಕ್ಕೀತೋ ಬಿಟ್ಟೀತೋ, ತವರಿನ ರುಚಿಯೊಂದು ಇರಲಿ ಎಂಬದು ಆ ತಾಯಿಯ ವಿಚಾರವಾಗಿರಬೇಕು. ಆ ಕಾಯಿಯ ಲಕ್ಷಣಗಳು ಇವು: ಮೇಲೂ ಕೆಳಗೂ ಚಪ್ಪಟೆ, ಸುತ್ತಲೂ ಆಳವಾದ ಹತ್ತು ಗೀರು, ಎಳೆಯದರಲ್ಲಿ ದಟ್ಟ ಹಸಿರು, ಬಲಿತ ಮೇಲೆ ಜೇನಿನ ಬಣ್ಣ. ತೂಕವು ನಾಲ್ಕೈದು ಕಿಲೋ. ತಿರುಳು ಕೇಸರಿಯ ಬಣ್ಣದ್ದು, ದಪ್ಪವಾದದ್ದು, ಬೇಯಿಸಿದರೆ ನೀರೊಡೆಯದು. ಅಟ್ಟದ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟರೆ ದೀಪಾವಳಿಯ ಕಾಯಿ ಯುಗಾದಿಯವರೆಗೆ ಕೆಡುವದಿಲ್ಲ. ಅತ್ತೆಯವರು ಇದರ ಗಾರಿಗೆ ಮಾಡಿದ ದಿನ ಬೆಲ್ಲವನ್ನು ಅಳತೆಗಿಂತ ಕಡಿಮೆಯೇ ಹಾಕುತ್ತಿದ್ದರು. ಉಳಿದ ಸಿಹಿಯನ್ನು ಕಾಯಿಯೇ ಒದಗಿಸುತ್ತಿತ್ತು.

ಇಂಥ ಕಾಯಿಯನ್ನು ನಾವು ಜವಾರಿ ಎಂದು ಅಭಿಮಾನದಿಂದ ಕರೆಯುತ್ತೇವೆ. ಆದರೆ ಅದರ ವಂಶಚರಿತ್ರೆಯನ್ನು ಕೇಳಿದರೆ ಭಗಿನಿಯರಿಗೆ ಆಶ್ಚರ್ಯವಾದೀತು. ನಮ್ಮ ನಾಡಿನ ಪುರಾತನ ಕುಂಬಳವೆಂದರೆ ಬೂದುಗುಂಬಳ. ಸಂಸ್ಕೃತದ ಕೂಷ್ಮಾಂಡವು ಅದೇ. ಬಲಿತ ಮೇಲೆ ಮೈಮೇಲೆ ಬೂದಿಯಂಥ ಬಿಳಿಯ ಪುಡಿ ಕೂಡ್ರುವದು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಯು ಹುಟ್ಟಿದ್ದು ಆ ಪುಡಿಯಿಂದಲೇ. ಸಿಹಿಗುಂಬಳವಾದರೋ ಅಮೇರಿಕಾ ಖಂಡದಿಂದ ಬಂದ ಅತಿಥಿ. ಮೆಕ್ಸಿಕೋ ದೇಶದ ಓಅಹಾಕ ಪ್ರಾಂತದ ಒಂದು ಗವಿಯಲ್ಲಿ ದೊರೆತ ಕುಂಬಳಜಾತಿಯ ಬೀಜಗಳು ಸುಮಾರು 10,000 ವರುಷಗಳಷ್ಟು ಹಳೆಯವೆಂದು ಪಂಡಿತರು ನಿರ್ಣಯಿಸಿದ್ದಾರೆ. ಕೊಲಂಬಸನು 1492ರಲ್ಲಿ ಸಮುದ್ರ ದಾಟಿದ ತರುವಾಯವೇ ಈ ಜಾತಿಯು ಹಳೆಯ ಪ್ರಪಂಚಕ್ಕೆ ಬಂದು, ಮುಂದೆ ನಮ್ಮ ದೇಶವನ್ನೂ ಸೇರಿತು. ಕರಾವಳಿಯಲ್ಲಿ ಕೆಲವರು ಇದನ್ನು ಇಂದಿಗೂ ಚೀನಿಕಾಯಿ ಎನ್ನುವರು. ಹೊರಗಿನಿಂದ ಬಂದ ಕಾಯಿಯೆಂಬ ನೆನಪು ಆ ಹೆಸರಿನಲ್ಲಿ ಉಳಿದಂತೆ ತೋರುತ್ತದೆ.

ಹೀಗಿರಲು ಜವಾರಿತನವೆಂಬದು ಹುಟ್ಟಿದ ಊರಿನಿಂದ ಬರುವದಲ್ಲವಷ್ಟೆ. ತಲೆತಲಾಂತರ ಒಂದೇ ಮಣ್ಣಿನಲ್ಲಿ ಬಿತ್ತಿ, ಚೆನ್ನಾದುದನ್ನು ಆರಿಸಿ, ಮತ್ತೆ ಬಿತ್ತಿದ ಕೈಗಳಿಂದ ಬರುವದು. ಕಿಟೆಲ್ ಪಂಡಿತರು 1894ರಲ್ಲಿ ಮಂಗಳೂರಿನಿಂದ ಹೊರಡಿಸಿದ ದೊಡ್ಡ ನಿಘಂಟಿನಲ್ಲಿ ನಮ್ಮ ಬಳ್ಳಿಗಳ ಹೆಸರುಗಳು ಸುರಕ್ಷಿತವಾಗಿವೆ. ಶಬ್ದವು ಪುಸ್ತಕದಲ್ಲಿ ನೂರು ವರುಷ ಮಲಗಿ ಎದ್ದೀತು. ಬೀಜಕ್ಕೆ ಅಷ್ಟು ತಾಳ್ಮೆಯಿಲ್ಲ. ಚೆನ್ನಾಗಿ ಒಣಗಿಸಿದ ಕುಂಬಳದ ಬೀಜವು ಮನೆಯ ಗಡಿಗೆಯಲ್ಲಿ ನಾಲ್ಕೈದು ವರುಷ ಮೊಳೆಯುವ ಶಕ್ತಿಯನ್ನು ಇಟ್ಟುಕೊಂಡರೆ ಹೆಚ್ಚು.

ಇನ್ನು ಬೆಳೆಸುವ ಕ್ರಮವನ್ನು ಹೇಳುವೆವು. ರೋಹಿಣಿಯ ಮಳೆ ಬಿದ್ದು ಮಣ್ಣು ತಂಪಾಗುವಷ್ಟರಲ್ಲಿ ಒಂದೂವರೆ ಫೂಟು ಅಗಲ, ಅಷ್ಟೇ ಆಳದ ಗುಣಿಗಳನ್ನು ತೋಡಿ, ಕಳಿತ ತಿಪ್ಪೆಗೊಬ್ಬರವನ್ನೂ ಮೇಲ್ಮಣ್ಣನ್ನೂ ಸಮನಾಗಿ ಕಲಿಸಿ ತುಂಬಬೇಕು. ಗುಣಿಯಿಂದ ಗುಣಿಗೆ ಏಳೆಂಟು ಫೂಟು ಅಂತರವಿರಲಿ. ಮೃಗಶಿರಾ ಮಳೆ ಹಿಡಿದಾಗ ರಾತ್ರಿ ನೆನೆಯಿಟ್ಟ ಬೀಜಗಳನ್ನು ಗುಣಿಗೆ ಮೂರು ನಾಲ್ಕರಂತೆ ಒಂದು ಅಂಗುಲ ಆಳದಲ್ಲಿ ಊರಬೇಕು. ಮಣ್ಣು ನೀರು ನಿಲ್ಲುವಂಥದಾದರೆ ಗುಣಿಯ ಬದಲು ದಿಬ್ಬ ಮಾಡುವದು ಲೇಸು. ಒಂದು ವಾರದಲ್ಲಿ ಸಸಿ ಏಳುವದು. ನಾಲ್ಕು ಎಲೆಯಾದ ಮೇಲೆ ಬಲವಾದ ಒಂದೋ ಎರಡೋ ಸಸಿಗಳನ್ನು ಉಳಿಸಿ ಉಳಿದುವನ್ನು ಕತ್ತರಿಸಬೇಕು. ಕಿತ್ತರೆ ಉಳಿದವುಗಳ ಬೇರು ಸಡಿಲಾಗುವದು.

ಎಳೆಯ ಸಸಿಗೆ ಮೊದಲ ಶತ್ರು ಕೆಂಪು ದುಂಬಿ. ಅದು ಎಲೆಯನ್ನು ಜಾಲರಿಯಂತೆ ತೂತು ಮಾಡುವದು. ಮುಂಜಾನೆ ಮಂಜು ಆರುವ ಮುಂಚೆ ಅದು ಮಂದವಾಗಿರುವದರಿಂದ ಕೈಯಿಂದ ಹಿಡಿದು ತೆಗೆಯಲು ಅದೇ ವೇಳೆ. ಎಲೆಯ ಮೇಲೆ ಒಲೆಯ ಬೂದಿಯನ್ನು ತೆಳ್ಳಗೆ ಉದುರಿಸಿದರೆ ಬೂದಿಯು ತೇವಕ್ಕೆ ಅಂಟಿ ನಿಲ್ಲುವದು. ಎರಡನೆಯ ಶತ್ರು ಕಾಯಿ ಚುಚ್ಚುವ ನೊಣ. ಎಳೆಗಾಯಿಗೆ ಹಳೆಯ ಬಟ್ಟೆಯ ಚೀಲ ಕಟ್ಟಿದರೆ ಅದರ ಕಾಟ ತಪ್ಪುವದು. ಚುಚ್ಚಿಸಿಕೊಂಡು ಬಿದ್ದ ಕಾಯಿಗಳನ್ನು ಅಲ್ಲಿಯೇ ಬಿಡದೆ ಆಳವಾಗಿ ಹುಗಿಯಬೇಕು. ಮಳೆಗಾಲದ ಕೊನೆಗೆ ಎಲೆಯ ಮೇಲೆ ಬಿಳಿಯ ಬೂದಿರೋಗ ಬರುವದು. ಹಳೆಯ ಎಲೆಗಳನ್ನು ಆಗಾಗ ತೆಗೆದು ಗಾಳಿಯಾಡುವಂತೆ ಮಾಡಿದರೆ ಅಷ್ಟು ಬಾಧಿಸದು.

ಇಷ್ಟು ಬಹುತರ ಎಲ್ಲ ಒಕ್ಕಲಗಿತ್ತಿಯರಿಗೆ ಗೊತ್ತಿದ್ದುದೇ. ಆದರೆ ಕಾಯಿ ಬೆಳೆಯುವದು ಬೇರೆ, ಬೀಜ ಕಾಯುವದು ಬೇರೆ. ಬೀಜ ಕಾಯಬೇಕೆಂಬವಳು ಹೂವಿನ ನಡತೆಯನ್ನು ಬಲ್ಲವಳಾಗಿರಬೇಕು. ಕುಂಬಳದ ಬಳ್ಳಿಯಲ್ಲಿ ಗಂಡು ಹೂವುಗಳೂ ಹೆಣ್ಣು ಹೂವುಗಳೂ ಬೇರೆ ಬೇರೆ. ಉದ್ದ ತೊಟ್ಟಿನ ಗಂಡು ಹೂವುಗಳು ಮೊದಲು ಬರುವವು. ಅವು ಕಾಯಿಯಾಗದೆ ಉದುರುವದನ್ನು ಕಂಡು ಕೆಲವರು ಬಳ್ಳಿಗೆ ದೃಷ್ಟಿ ತಾಗಿತೆಂದು ಚಿಂತಿಸುವರು. ಕೆಲವು ದಿನಗಳ ತರುವಾಯ ಹೆಣ್ಣು ಹೂವುಗಳು ತೋರುವವು. ಅವುಗಳ ಬುಡದಲ್ಲಿ ಗೋಲಿಯಷ್ಟು ಕಾಯಿಯು ಮೊದಲೇ ಇರುವದು. ಸಿಹಿಗುಂಬಳದ ಹೂವು ನಸುಕಿನಲ್ಲಿ ಅರಳಿ ಬಿಸಿಲೇರುವಷ್ಟರಲ್ಲಿ ಮುಚ್ಚುವದು. ಸೋರೆಯ ಬಿಳಿಯ ಹೂವು ಸಂಜೆಗೆ, ಹೀರೆಯ ಹಳದಿ ಹೂವು ಇಳಿಹೊತ್ತಿಗೆ, ಪಡವಲದ ಜಾಲರಿ ಹೂವು ರಾತ್ರಿಗೆ ಅರಳುವವು. ಹಿತ್ತಲನ್ನು ಬಲ್ಲವಳು ಗಡಿಯಾರ ನೋಡಬೇಕಾಗಿಲ್ಲ.

ಜೇನುನೊಣವು ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸಿದರೆ ಮಾತ್ರ ಕಾಯಿ ನಿಲ್ಲುವದು. ಆದರೆ ಅದಕ್ಕೆ ನಮ್ಮ ಬೇಲಿಯ ಗೊಡವೆಯಿಲ್ಲ. ನೆರೆಮನೆಯಲ್ಲಿ ಪೇಟೆಯ ಕುಂಬಳವಿದ್ದರೆ ಅದರ ಪರಾಗವೂ ನಮ್ಮ ಹೂವಿಗೆ ಬರುವದು. ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿಯಬೇಕು. ಹಾಗೆ ಬೆರಕೆಯಾದರೂ ಆ ವರುಷದ ಕಾಯಿಯ ರೂಪವಾಗಲಿ ರುಚಿಯಾಗಲಿ ಬದಲಾಗದು. ಕಾಯಿಯು ತಾಯಿಬಳ್ಳಿಯ ಅಂಗವೇ ಸರಿ. ಬೆರಕೆಯು ಒಳಗಿನ ಬೀಜದಲ್ಲಿ ಅಡಗಿದ್ದು ಮುಂದಿನ ವರುಷದ ಬಳ್ಳಿಯಲ್ಲಿ ಪ್ರಕಟವಾಗುವದು. ಆದುದರಿಂದ ಕಾಯಿಯ ಅಂದ ನೋಡಿ ಬೀಜವನ್ನು ನಂಬುವಂತಿಲ್ಲ.

ಎಲ್ಲ ಬಳ್ಳಿಗಳೂ ಒಂದರೊಡನೊಂದು ಬೆರೆಯುವವೆಂಬ ಭಯವೂ ಬೇಡ. ಕುಂಬಳವು ಸೋರೆಯೊಡನೆಯಾಗಲಿ, ಹೀರೆಯೊಡನೆಯಾಗಲಿ, ಸವತೆಯೊಡನೆಯಾಗಲಿ ಬೆರೆಯದು. ಸಿಹಿಗುಂಬಳಗಳಲ್ಲಿಯೂ ನಮ್ಮಲ್ಲಿ ಕಾಣುವವು ಮುಖ್ಯವಾಗಿ ಮೂರು ಜಾತಿ. ಒಂದು ಜಾತಿಯು ಇನ್ನೊಂದರೊಡನೆ ಸಾಮಾನ್ಯವಾಗಿ ಕೂಡುವದಿಲ್ಲ. ಜಾತಿಯನ್ನು ತೊಟ್ಟಿನಿಂದ ಗುರುತಿಸಬಹುದು. ತೊಟ್ಟು ಗಟ್ಟಿಯಾಗಿ, ಐದು ಮೂಲೆಯದಾಗಿ, ಕಾಯಿಗೆ ಸೇರುವಲ್ಲಿ ಪಾದದಂತೆ ಹರಡಿದ್ದರೆ ಅದು ಮೊಸ್ಕಾಟ. ನಮ್ಮ ಮನೆಯದು ಇದೇ. ತೊಟ್ಟು ದುಂಡಗೆ, ಬೆಂಡಿನಂತೆ ಮೆತ್ತಗಿದ್ದರೆ ಮ್ಯಾಕ್ಸಿಮ. ಗಟ್ಟಿಯಾಗಿ ಮೂಲೆಮೂಲೆಯಾಗಿದ್ದೂ ಬುಡದಲ್ಲಿ ಹರಡದಿದ್ದರೆ ಪೆಪೊ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೊರತಂದ ಅರ್ಕಾ ಚಂದನವು ಮೊದಲನೆಯ ಜಾತಿಗೂ, ಅರ್ಕಾ ಸೂರ್ಯಮುಖಿಯು ಎರಡನೆಯದಕ್ಕೂ ಸೇರಿದವು. ಆದುದರಿಂದ ನೆರೆಯವರು ಚಂದನವನ್ನು ಹಾಕಿದರೆ ನಾವು ಎಚ್ಚರದಿಂದಿರಬೇಕು. ಸೂರ್ಯಮುಖಿಯನ್ನು ಹಾಕಿದರೆ ಅಷ್ಟು ಚಿಂತೆಯಿಲ್ಲ.

ಎಚ್ಚರವೆಂದರೆ ಇಷ್ಟೇ. ನಾಳೆ ಅರಳತಕ್ಕ ಮೊಗ್ಗುಗಳು ಇಂದಿನ ಸಂಜೆಗೆ ತುದಿಯಲ್ಲಿ ಹಳದಿಯಾಗುವವು. ಅಂಥ ಒಂದು ಹೆಣ್ಣು ಮೊಗ್ಗನ್ನೂ ಎರಡು ಮೂರು ಗಂಡು ಮೊಗ್ಗುಗಳನ್ನೂ ತುದಿಯಲ್ಲಿ ನೂಲಿನಿಂದ ಮೆತ್ತಗೆ ಕಟ್ಟಬೇಕು. ಮರುದಿನ ಹೊತ್ತು ಮೂಡುವಾಗ ಗಂಡು ಹೂವನ್ನು ಕೊಯ್ದು, ದಳ ತೆಗೆದು, ಹೆಣ್ಣು ಹೂವಿನ ಕಟ್ಟು ಬಿಚ್ಚಿ, ನಡುವಿನ ಮುಡಿಗೆ ಪರಾಗವನ್ನು ಮೃದುವಾಗಿ ಸವರಿ, ಮತ್ತೆ ದಳಗಳನ್ನು ಕಟ್ಟಬೇಕು. ತೊಟ್ಟಿಗೆ ಗುರುತಿಗಾಗಿ ಕೆಂಪು ದಾರ ಕಟ್ಟಿದರೆ ಕೆಲಸ ಮುಗಿಯಿತು. ದಾರ ಕಟ್ಟಿದ ಕಾಯಿಯನ್ನು ಅಡಿಗೆಗೆ ಮುಟ್ಟಬಾರದು. ತೊಟ್ಟು ಒಣಗಿದ ಮೇಲೆ ಇಳಿಸಿ, ಇನ್ನೂ ಮೂರು ವಾರ ನೆರಳಿನಲ್ಲಿ ಇಟ್ಟು, ಆಮೇಲೆ ಒಡೆದು, ಬೀಜಗಳನ್ನು ತೊಳೆದು, ಮೊರದಲ್ಲಿ ಹರವಿ ನೆರಳಿನಲ್ಲಿ ಒಣಗಿಸಬೇಕು. ಮುರಿದರೆ ಚಟ್ಟೆಂದು ಮುರಿಯುವಷ್ಟು ಒಣಗಿದ ಬೀಜವನ್ನು ಬೂದಿಯೊಡನೆ ಗಡಿಗೆಗೆ ಹಾಕಿ ಬಾಯಿ ಕಟ್ಟಿಡುವದು.

ಬೀಜದ ಶುದ್ಧಿಯು ಬರಿಯ ಅಂದಚಂದದ ಮಾತೂ ಅಲ್ಲ. ಶಾಲೆಯಲ್ಲಿ ಧರ್ಮಪಾಠದ ತಾಸಿನಲ್ಲಿ ಕೇಳಿದ ಎಲೀಷ ಪ್ರವಾದಿಯ ಕಥೆಯು ಭಗಿನಿಯರಿಗೆ ನೆನಪಿದ್ದೀತು. ಬರಗಾಲದಲ್ಲಿ ಒಬ್ಬನು ಅಡವಿಯ ಬಳ್ಳಿಯ ಕಾಯಿಗಳನ್ನು ಅರಿಯದೆ ತಂದು ಹಂಡೆಗೆ ಹೆಚ್ಚಿ ಹಾಕಿದನು. ಉಂಡವರು ಪಾತ್ರೆಯಲ್ಲಿ ಸಾವಿದೆಯೆಂದು ಕೂಗಿಕೊಂಡರು. ಈ ಕುಟುಂಬದ ಕಾಡುಬಳ್ಳಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿವಿಷವಿರುವದು. ಸಾವಿರಾರು ವರುಷ ಆರಿಸಿ ಆರಿಸಿ ಮನುಷ್ಯನು ಅದನ್ನು ಮನೆಯ ಬಳ್ಳಿಗಳಿಂದ ತೆಗೆದಿದ್ದಾನೆ. ಆದರೆ ಕಹಿಯ ಜಾತಿಯೊಡನೆ ಬೆರಕೆಯಾದರೆ ಅದು ಮರಳಿ ಬರಬಹುದು. ಬೇಯಿಸಿದರೂ ಅದು ಹೋಗದು. ಕಹಿಸೋರೆಯ ರಸ ಕುಡಿದು ಜನರು ಅಸ್ವಸ್ಥರಾದ, ಕೆಲವರು ಸತ್ತ ಸಂಗತಿಗಳು ನಡೆದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ತಜ್ಞರಿಂದ ವಿಚಾರಣೆ ಮಾಡಿಸಿತು. 2012ರಲ್ಲಿ ಪ್ರಕಟವಾದ ಅವರ ವರದಿಯ ಸಾರವು, ಕಹಿಯಾದ ಸೋರೆಯ ರಸವನ್ನು ಕುಡಿಯಲೇಬಾರದೆಂಬದು. ನಮ್ಮ ಅತ್ತೆಯವರು ಯಾವ ವರದಿಯನ್ನೂ ಓದಿದವರಲ್ಲ. ಆದರೆ ಸೋರೆ, ಸವತೆ, ಹೀರೆಗಳನ್ನು ಹೆಚ್ಚುವ ಮೊದಲು ಒಂದು ಚೂರನ್ನು ನಾಲಗೆಗೆ ತಾಗಿಸಿ ನೋಡದೆ ಒಲೆಗೆ ಏರಿಸುತ್ತಿರಲಿಲ್ಲ. ಕಹಿಯಾದರೆ ಕಾಯಿಯನ್ನು ತಿಪ್ಪೆಗೆ ಎಸೆದು ಬಳ್ಳಿಯನ್ನು ಬೇರುಸಹಿತ ಕೀಳುತ್ತಿದ್ದರು. ಅಂಥ ಬಳ್ಳಿಯಿಂದ ಬೀಜ ಹಿಡಿಯುವ ಮಾತೇ ಇರಲಿಲ್ಲ.

ಅತ್ತೆಯವರು 2016ರಲ್ಲಿ ದೇವರ ಪಾದ ಸೇರಿದರು. ಮರುವರುಷ ಅಮೇರಿಕೆಯಲ್ಲಿರುವ ನಮ್ಮ ನಾದಿನಿಯ ಮಗಳು ಊರಿಗೆ ಬಂದಾಗ ಝುಕಿನಿಯೆಂಬ ಕಾಯಿಯ ಬೀಜ ತಂದಳು. ಇದು ಇಟಲಿಯವರು ರೂಢಿಗೆ ತಂದ ಪೆಪೊ ಜಾತಿಯ ಕುಂಬಳ. ಬಳ್ಳಿಯಾಗಿ ಹರಿಯದೆ ಪೊದೆಯಂತೆ ನಿಲ್ಲುವದು, ಬಿತ್ತಿದ ಐವತ್ತು ದಿನಗಳ ಸುಮಾರಿಗೆ ಎಳೆಗಾಯಿ ಕೊಡುವದು. ಅವಳು ತಂದದ್ದು ಬ್ಲ್ಯಾಕ್ ಬ್ಯೂಟಿ ಎಂಬ ಹಳೆಯ ತಳಿ. ಅದು ಸಂಕರತಳಿಯಲ್ಲವಾದುದರಿಂದ ಬೀಜ ಹಿಡಿದರೆ ತಾಯಿಯಂತೆಯೇ ಬರುವದು. ಪೇಟೆಯ ಸಂಕರಬೀಜದ ಪಾಕೀಟಿನಿಂದ ಆ ಲಾಭವಿಲ್ಲ. ಅದರ ಮಕ್ಕಳು ನಾನಾ ರೂಪ ತಾಳುವವು. ಝುಕಿನಿಯು ನಮ್ಮ ಮಳೆಗಾಲವನ್ನು ತಾಳದು. ಮಳೆ ಹಿಂದೆಗೆದ ಮೇಲೆ, ಕಾರ್ತಿಕದಲ್ಲಿ ಹಾಕಿದರೆ ಚಳಿಗಾಲದಲ್ಲಿ ಚೆನ್ನಾಗಿ ಬರುವದು. ಕಡಲೆಹಿಟ್ಟು ಉದುರಿಸಿ ಪಲ್ಯ ಮಾಡಿದೆವು, ರೊಟ್ಟಿಗೆ ಹೊಂದಿತು. ಇದು ಬೇರೆ ಜಾತಿಯಾದುದರಿಂದ ನಮ್ಮ ಕುಂಬಳದೊಡನೆ ಬೆರೆಯುವ ಅಂಜಿಕೆಯೂ ಕಡಿಮೆ. ಆದರೆ ಅಂದಕ್ಕಾಗಿ ಬೆಳೆಸುವ ಪೆಪೊ ಜಾತಿಯ ಕಹಿ ಕಾಯಿಗಳು ಹತ್ತಿರವಿದ್ದರೆ ಝುಕಿನಿಯ ಬೀಜವೂ ಕಹಿಯಾಗಬಹುದು. ಯುರೋಪದಲ್ಲಿ ಮನೆಯ ಬೀಜದಿಂದ ಝುಕಿನಿ ಬೆಳೆಯುವವರಿಗೆ ಈ ವಿಷಯದಲ್ಲಿ ಅಧಿಕಾರಿಗಳು ಎಚ್ಚರಿಕೆ ಕೊಡುತ್ತಾರೆ. ಅಮೇರಿಕಾ ಖಂಡದಿಂದ ಹೊರಟ ಒಂದೇ ಕುಲದ ಇಬ್ಬರು, ಒಬ್ಬರು ಹಡಗು ಹತ್ತಿ, ಇನ್ನೊಬ್ಬರು ವಿಮಾನವೇರಿ, ಕಲಘಟಗಿಯ ಒಂದೇ ಹಿತ್ತಲಿನಲ್ಲಿ ಕೂಡಿದ್ದನ್ನು ನೋಡಿ ನಾವು ನಕ್ಕೆವು. ಅತಿಥಿಯನ್ನು ಅತಿಥಿಯಾಗಿಯೇ ಸತ್ಕರಿಸೋಣ. ಐವತ್ತು ವರುಷ ಬಾಳಿದರೆ ಅದೂ ಮನೆಯ ಮಗಳಾದೀತು.

ಇನ್ನು ಈ ಬರಹಕ್ಕೆ ಮುಖ್ಯ ಕಾರಣವಾದ ಸಂಗತಿಯನ್ನು ಹೇಳುವೆವು. ಅತ್ತೆಯವರದು ಒಂದು ನೇಮವಿತ್ತು. ಪ್ರತಿವರುಷ ಒಡೆದ ಮೊದಲ ಬೀಜದ ಕಾಯಿಯು ಮನೆಗೆ ಸೇರಿದ್ದಲ್ಲ.

"ಮೊದಲನೇ ಕಾಯಿ ಬೀಜಾ ಮೂರು ಮನೀಗೆ ಹೋಗಬೇಕವ್ವಾ. ಆಮ್ಯಾಲೆ ನಮ್ಮ ಗಡಿಗಿ ಮಾತು," ಎನ್ನುತ್ತಿದ್ದರು.

ಕಾರಣ ಕೇಳಿದರೆ, "ನಮ್ಮ ಮನಿಗೆ ಬೆಂಕಿ ಬಿದ್ರ ನೀವು ಎಲ್ಲಿಂದ ತರ್ತೀರವ್ವಾ?" ಎಂಬದೇ ಉತ್ತರ. ನಮಗೆ ಅದು ಹಿರಿಯರ ಔದಾರ್ಯದ ಮಾತಾಗಿ ಕೇಳುತ್ತಿತ್ತು.

ಬೆಂಕಿ ಬೀಳಲಿಲ್ಲ, ನೀರು ಬಂದಿತು. 2019ರ ಅಗಸ್ಟ ತಿಂಗಳಿನ ಮಹಾಮಳೆಯನ್ನು ಉತ್ತರ ಕರ್ನಾಟಕದವರಾರೂ ಮರೆತಿರಲಾರರು. ಬೇಡ್ತಿಯು ತುಂಬಿ ಹರಿಯಿತು. ನಮ್ಮ ಅಡಿಗೆಮನೆಯ ಹಿಂದಿನ ಮಣ್ಣಿನ ಗೋಡೆಯು ಒಂದು ರಾತ್ರಿ ಕುಸಿದು ಗಡಿಗೆಗಳ ಮೇಲೆ ಬಿದ್ದಿತು. ಜೀವಕ್ಕೆ ಅಪಾಯವಾಗದ್ದು ದೇವರ ಕೃಪೆ. ಆದರೆ ಹಿತ್ತಲಿನ ಬಳ್ಳಿಗಳೆಲ್ಲ ನಿಂತ ನೀರಿನಲ್ಲಿ ಕೊಳೆತವು; ಗಡಿಗೆಯಲ್ಲಿಯ ಬೀಜವು ಕೆಸರಿನಲ್ಲಿ ಕೂಡಿ, ನಾವು ಇಟ್ಟಿಗೆಗಳನ್ನು ತೆಗೆಯುವಷ್ಟರಲ್ಲಿ ಮೊಳೆತು ಬೂಸ್ಟು ಹಿಡಿದಿತ್ತು. ಐವತ್ತೇಳು ವರುಷ ನಡೆದುಬಂದ ವಂಶವು ಮೂರು ದಿನಗಳಲ್ಲಿ ನಮ್ಮ ಮನೆಯಿಂದ ಅಳಿದುಹೋಯಿತು. ಗೋಡೆಯನ್ನು ಮತ್ತೆ ಕಟ್ಟಬಹುದಾಗಿತ್ತು; ಕಟ್ಟಿದೆವು. ಅತ್ತೆಯವರ ಕೈಯಿಂದ ಬಂದ ಜೀವಂತ ವಸ್ತುವೆಂದು ಮನೆಯಲ್ಲಿ ಉಳಿದಿದ್ದದ್ದು ಅದೊಂದೇ. ಅದನ್ನು ಯಾವ ಅಂಗಡಿಯಿಂದ ತರಬೇಕು?

ಮಳೆ ನಿಂತ ಮೇಲೆ, ದೀಪಾವಳಿ ಮುಗಿದ ತರುವಾಯ, ಅತ್ತೆಯವರು ಬೀಜ ಕೊಟ್ಟಿದ್ದ ಮನೆಗಳನ್ನು ಹುಡುಕುತ್ತ ಹೊರಟೆವು. ಮೊದಲನೆಯ ಮನೆಯಲ್ಲಿ ಹಿತ್ತಲು ಇರಲಿಲ್ಲ, ಸಿಮೆಂಟಿನ ಅಂಗಳವಿತ್ತು. ಎರಡನೆಯ ಮನೆಯವರು ಬಹಳ ಪ್ರೀತಿಯಿಂದ ಚಹಾ ಕೊಟ್ಟು, ಆ ಕುಂಬಳವನ್ನು ಬಿಟ್ಟು ಎಷ್ಟೋ ವರುಷವಾಯಿತೆಂದರು. ಮೂರನೆಯದು ಏರಿನ ಮೇಲಿನ ಒಂದು ಸಣ್ಣ ಹಳ್ಳಿ. ಅಲ್ಲಿ ಒಬ್ಬ ಮುದುಕಿ, ಹಿಂದೆ ನಮ್ಮ ಹೊಲದಲ್ಲಿ ಕಳೆ ತೆಗೆಯಲು ಬರುತ್ತಿದ್ದವರು, ಒಬ್ಬರೇ ಇರುವರು. ಅವರ ಮಾಡಿನ ಮೇಲೆ, ಹತ್ತು ಗೀರಿನ, ಜೇನುಬಣ್ಣದ ಮೂರು ಕಾಯಿಗಳು ಬಿಸಿಲು ಕಾಯಿಸುತ್ತಿದ್ದವು. ನಮ್ಮಿಬ್ಬರ ಕಣ್ಣಲ್ಲಿಯೂ ನೀರು ಬಂದವು.

ಸಂಗತಿ ಕೇಳಿದ ಮೇಲೆ ಅವರು ಒಂದು ಕಾಯಿಯನ್ನು ಒಡೆದು ಬೀಜಗಳನ್ನು ಮೊರದಲ್ಲಿ ಎರಡು ಪಾಲು ಮಾಡಿದರು. ರೊಕ್ಕ ಕೊಡಹೋದರೆ ಕೈ ಹಿಂದೆಗೆದರು.

"ಇದು ನಿಮ್ಮ ಅತ್ತಿಯವರದ ಬೀಜಾರಿ. ಅರ್ಧಾ ನಿಮಗ, ಅರ್ಧಾ ನನಗ. ಎಲ್ಲಾ ನಿಮಗ ಕೊಟ್ರ, ಮತ್ತ ನಿಮಗ ಬೇಕಾದಾಗ ಕೊಡೋರು ಯಾರು?"

ಅತ್ತೆಯವರ ನೇಮದ ಅರ್ಥವು ಆಗ ನಮಗೆ ಪೂರ್ಣವಾಗಿ ಹೊಳೆಯಿತು. ಅದರಲ್ಲಿ ಔದಾರ್ಯವಿದ್ದಷ್ಟೇ ಲೆಕ್ಕಾಚಾರವೂ ಇತ್ತು. ಕೊಟ್ಟ ಬೀಜವು ಬೇರೆಯವರ ಹಿತ್ತಲಿನಲ್ಲಿ ನಮ್ಮ ಸಲುವಾಗಿಯೂ ಬೆಳೆಯುತ್ತಿರುವದು.

ಆ ಬೀಜವನ್ನು 2020ರ ಮೃಗಶಿರೆಗೆ ಐದು ಗುಣಿಗಳಲ್ಲಿ ಹಾಕಿದೆವು. ಮೂರು ಬಳ್ಳಿಗಳಲ್ಲಿ ನಮ್ಮ ಕಾಯಿಯೇ ಬಂದಿತು. ಎರಡರಲ್ಲಿ ಉದ್ದನ್ನ, ಮಾಸಲು ಬಣ್ಣದ, ನೀರುತಿರುಳಿನ ಕಾಯಿ. ಮುದುಕಿಯ ನೆರೆಯಲ್ಲಿ ಪೇಟೆಯ ಕುಂಬಳವಿತ್ತು; ಜೇನುನೊಣವು ತನ್ನ ಕೆಲಸ ಮಾಡಿತ್ತು. ನಾವು ಆ ವರುಷ ಐದೂ ಬಳ್ಳಿಗಳಲ್ಲಿ ಹೂವು ಕಟ್ಟಿ, ಆಯಾ ಬಳ್ಳಿಯ ಪರಾಗವನ್ನೇ ಮುಟ್ಟಿಸಿ ದಾರ ಕಟ್ಟಿದ್ದೆವು. ಲಕ್ಷಣ ತಪ್ಪಿದ ಎರಡು ಬಳ್ಳಿಗಳ ಕಾಯಿಗಳನ್ನು ಅಡಿಗೆಗೆ ಬಳಸಿ, ಮೂರರ ಬೀಜವನ್ನು ಮಾತ್ರ ಇಟ್ಟೆವು. 2022ಕ್ಕೆ ಎಲ್ಲ ಬಳ್ಳಿಗಳಲ್ಲಿಯೂ ಹತ್ತು ಗೀರಿನ ಕಾಯಿ ತೋರಿದವು. ಮೊದಲು ಒಡೆದ ಕಾಯಿಯ ಬೀಜದ ಒಂದು ಪಾಲು ಏರಿನ ಮೇಲಿನ ಆ ಹಳ್ಳಿಗೇ ಹೋಯಿತು.

ಈ ಕೆಲಸದಲ್ಲಿ ನಾವೇನೂ ಒಂಟಿಯಾಗಿಲ್ಲವೆಂಬದು ಸಂತೋಷದ ಸಂಗತಿ. ನಮ್ಮ ಜಿಲ್ಲೆಯ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದಲ್ಲಿ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘದವರು ಸಮುದಾಯದ ಬೀಜಭಾಂಡಾರವನ್ನು ಇಟ್ಟು ಸಿರಿಧಾನ್ಯಗಳ ಹಳೆಯ ತಳಿಗಳನ್ನು ಕಾಯುತ್ತಿದ್ದಾರೆ. 2025ರಲ್ಲಿ ಸಂಯುಕ್ತ ರಾಷ್ಟ್ರಗಳ ಅಭಿವೃದ್ಧಿ ಕಾರ್ಯಕ್ರಮದ ಇಕ್ವೇಟರ್ ಪಾರಿತೋಷಕವು ಆ ಒಕ್ಕಲುತನದ ತಾಯಂದಿರಿಗೆ ದೊರೆಯಿತು. ಅತ್ತ ಶಿರಸಿಯಲ್ಲಿ 2001ರಲ್ಲಿ ಆರಂಭವಾದ ವನಸ್ತ್ರೀ ಎಂಬ ಸಂಸ್ಥೆಯು ಮಲೆನಾಡಿನ ಗೃಹಿಣಿಯರ ಹಿತ್ತಲಿನ ಬೀಜಗಳನ್ನು ಕೂಡಿಸಿ ವಿನಿಮಯಕ್ಕೆ ಅನುಕೂಲ ಮಾಡಿದೆ. ಕಾಯಿದೆಯೂ ನಮ್ಮ ಪಕ್ಷದಲ್ಲಿದೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯಿದೆಯ ಪ್ರಕಾರ ರೈತನು ತನ್ನ ಬೆಳೆಯ ಬೀಜವನ್ನು ಇಡಲೂ, ಬಿತ್ತಲೂ, ಹಂಚಿಕೊಳ್ಳಲೂ, ವಿನಿಮಯ ಮಾಡಲೂ ಹಕ್ಕುಳ್ಳವನು. ಹಕ್ಕಿದ್ದು ಫಲವೇನು, ಗಡಿಗೆಯಲ್ಲಿ ಬೀಜವೇ ಇಲ್ಲದಿದ್ದರೆ?

ಭಗಿನಿಯರೇ, ನಮ್ಮಲ್ಲಿ ಕೆಲವರು ಹಳ್ಳಿಯಲ್ಲಿದ್ದಾರೆ, ಕೆಲವರು ಹುಬ್ಬಳ್ಳಿ ಧಾರವಾಡಗಳಲ್ಲಿ, ಕೆಲವರು ಬೆಂಗಳೂರು ಮುಂಬಯಿಗಳಲ್ಲಿ, ಇನ್ನು ಕೆಲವರು ಸಮುದ್ರದಾಚೆ. ಎಲ್ಲರಿಗೂ ಹಿತ್ತಲಿಲ್ಲವೆಂಬದನ್ನು ಬಲ್ಲೆವು. ಆದರೆ ತವರಿನಲ್ಲಿಯೋ ಅತ್ತೆಯ ಮನೆಯಲ್ಲಿಯೋ ಒಂದು ಹಳೆಯ ಹೀರೆ, ಒಂದು ಸವತೆ, ಒಂದು ಅವರೆ ಇನ್ನೂ ಉಳಿದಿದ್ದೀತು. ಮುಂದಿನ ಸಲ ಹೋದಾಗ ಬೀಜವೆಲ್ಲಿದೆಯೆಂದು ಹಿರಿಯರನ್ನು ಕೇಳಿರಿ. ಅದು ಎಲ್ಲಿಂದ ಬಂದಿತು, ಯಾವ ಮಳೆಗೆ ಹಾಕತಕ್ಕದ್ದು, ರುಚಿಯೇನು ಎಂಬದನ್ನು ಒಂದು ಚೀಟಿಯಲ್ಲಿ ಬರೆದಿಡಿರಿ. ಆಮೇಲೆ ಅದನ್ನು ಮೂರು ಮನೆಗೆ ಕೊಡಿರಿ. ಒಂದು ಮನೆ ಬಿಟ್ಟೀತು, ಒಂದು ಮನೆ ಮರೆತೀತು. ಮೂರನೆಯ ಮನೆ ಕಾದೀತು. ಪಾಲಕರಲ್ಲಿಯೂ ನಮ್ಮ ವಿನಂತಿಯೆಂದರೆ, ಮದುವೆಯಾಗಿ ಹೋಗುವ ಮಗಳ ಪೆಟ್ಟಿಗೆಯಲ್ಲಿ ಬಟ್ಟೆಬರೆ, ಪ್ರಮಾಣಪತ್ರಗಳ ಜೊತೆಗೆ ಒಂದು ಹಿಡಿ ಬೀಜಕ್ಕೂ ಸ್ಥಳವಿರಲಿ.

ನಮ್ಮ ಹತ್ತು ಗೀರಿನ ಕುಂಬಳವನ್ನು ಬೆಳೆಸಲು ಮನಸ್ಸುಳ್ಳವರು ದೀಪಾವಳಿಯ ತರುವಾಯ ಕಲಘಟಗಿಗೆ ಬರಬಹುದು. ಬೀಜಕ್ಕೆ ಬೆಲೆಯಿಲ್ಲ. ಕರಾರು ಒಂದೇ: ಮೊದಲ ಕಾಯಿಯ ಬೀಜವು ಮೂರು ಮನೆಗೆ ಹೋಗತಕ್ಕದ್ದು. ಎಲ್ಲ ಭಗಿನಿಯರ ಮನೆಗಳೂ ಹಿತ್ತಲುಗಳೂ ಹಸಿರಾಗಿರಲೆಂದು ಹಾರೈಸುವೆವು.